ಹಳೇ ಹೋಮ್ ಕಂಪ್ಯೂಟರಿಗೆ ಯಾವ ಓಎಸ್? ವೇಗಕ್ಕಿಂತ ಮೊದಲು ಮೆಮೊರಿ ಜೋಡಣೆ ನೋಡಿ

ಕಮೊಡೋರ್ ಕಂಪನಿಯ ಹಳೇ ಹೋಮ್ ಕಂಪ್ಯೂಟರ್ ಅಮಿಗಾ 1200ಕ್ಕೆ ಅಂತ, ವೇಗ ಹೆಚ್ಚಿಸುವ ಒಂದು ಆಕ್ಸಿಲರೇಟರ್ ಕಾರ್ಡ್ ತೆಗೆದುಕೊಂಡಿದ್ದೆ. 68030 ಪ್ರೊಸೆಸರ್, 40 ಮೆಗಾಹರ್ಟ್ಜ್, 32 ಎಂಬಿ ಮೆಮೊರಿ ಅಂತ ಮಾರಿದವರು ಬರೆದಿದ್ದರು. ಯುನಿಕ್ಸ್ ಥರದ ಓಎಸ್ (ಆಪರೇಟಿಂಗ್ ಸಿಸ್ಟಮ್) ಆದ ನೆಟ್‌ಬಿಎಸ್‌ಡಿಗೆ ಇಷ್ಟು ಧಾರಾಳ ಅಂದುಕೊಂಡು ಒಂದು ಸಂಜೆ ಪೂರ್ತಿ ಫೈಲುಗಳನ್ನು ಹೊಂದಿಸುತ್ತ ಕೂತೆ. ಲೋಡರ್ ಶುರುವಾಯಿತು, ಕರ್ನಲ್ ಮೆಮೊರಿಗೆ ಬಂತು, ಆಮೇಲೆ ಪರದೆ ಖಾಲಿ. ಕೇಬಲ್ ಬದಲಿಸಿದೆ. ಕಾರ್ಡ್ ಬಿಚ್ಚಿ ಮತ್ತೆ ಕೂರಿಸಿದೆ. ಬೇರೆ ಕರ್ನಲ್ ಹಾಕಿದೆ. ಮಧ್ಯರಾತ್ರಿ ದಾಟಿದ ಮೇಲೆ ಚಿಪ್ಪಿನ ಮೇಲಿದ್ದ ಸ್ಟಿಕ್ಕರ್ ಕಿತ್ತು ಟಾರ್ಚ್ ಹಿಡಿದು ನೋಡಿದರೆ, ಅಲ್ಲಿ ಎರಡು ಅಕ್ಷರ ಜಾಸ್ತಿ ಇತ್ತು: 68ಇಸಿ030.

ಆ ಎರಡಕ್ಷರ ಇದ್ದರೆ ಆ ಚಿಪ್ಪಿನಲ್ಲಿ ಎಂಎಂಯು, ಅಂದರೆ ಮೆಮೊರಿ ಮ್ಯಾನೇಜ್‌ಮೆಂಟ್ ಯುನಿಟ್, ಇಲ್ಲ ಅಂತ ಲೆಕ್ಕ. ಎಂಎಂಯು ಇಲ್ಲದಿದ್ದರೆ ನೆಟ್‌ಬಿಎಸ್‌ಡಿ ಇಲ್ಲ, ಮಾಮೂಲಿ ಲಿನಕ್ಸೂ ಇಲ್ಲ. 40 ಮೆಗಾಹರ್ಟ್ಜ್ ಇರಲಿ, 400 ಇರಲಿ, ಏನೂ ವ್ಯತ್ಯಾಸ ಆಗುವುದಿಲ್ಲ.

ಹಳೇ ಕಂಪ್ಯೂಟರಿಗೆ ಓಎಸ್ ಹುಡುಕುವವರು ಮೊದಲು ಕೇಳುವುದು ವೇಗದ ಬಗ್ಗೆ, ಆಮೇಲೆ ಮೆಮೊರಿ ಎಷ್ಟು ಅಂತ. ನನ್ನ ಪ್ರಕಾರ ಎರಡೂ ಆಮೇಲಿನ ಮಾತು. ವೇಗ ಕಡಿಮೆ ಇದ್ದರೆ ಕಾಯಬಹುದು. ಮೆಮೊರಿ ಕಡಿಮೆ ಇದ್ದರೆ ಸೇರಿಸಬಹುದು. ಆದರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಜೋಡಣೆಯೇ ‘ಆಗಲ್ಲ’ ಅಂದರೆ, ಎಷ್ಟು ಕಾದರೂ ಆಗಲ್ಲ. ಹಾಗಾಗಿ ಇಲ್ಲಿ ಮೆಷಿನ್‌ಗಳನ್ನು ಆ ಜೋಡಣೆಯ ಮೇಲೆಯೇ ಹೋಲಿಸಿದ್ದೇನೆ.

ಹೆಸರು ನೋಡಿ ಮೋಸ ಹೋಗಬೇಡಿ

ಎಂಎಂಯು ಮಾಡುವ ಕೆಲಸ ಎರಡು. ಪ್ರೋಗ್ರಾಮ್ ಕೇಳುವ ವಿಳಾಸವನ್ನು ಮೆಮೊರಿಯ ನಿಜವಾದ ವಿಳಾಸಕ್ಕೆ ಬದಲಿಸುವುದು ಒಂದು. ತನ್ನದಲ್ಲದ ಜಾಗಕ್ಕೆ ಕೈ ಹಾಕಿದ ಪ್ರೋಗ್ರಾಮನ್ನು ತಡೆದು ಓಎಸ್‌ಗೆ ದೂರು ಕೊಡುವುದು ಇನ್ನೊಂದು. ಯುನಿಕ್ಸ್ ಥರದ ಓಎಸ್‌ಗಳಿಗೆ ಎರಡೂ ಬೇಕು. ಮೊದಲನೆಯದು ಇದ್ದರೆ ಪ್ರತಿ ಪ್ರೋಗ್ರಾಮಿಗೂ ‘ಇಡೀ ಮನೆ ನನ್ನದೇ’ ಅನ್ನುವ ಭಾವನೆ ಬರುತ್ತದೆ. ಎರಡನೆಯದು ಇದ್ದರೆ ಒಬ್ಬ ಬಿದ್ದಾಗ ಪಕ್ಕದವನನ್ನೂ ಎಳೆದುಕೊಂಡು ಬೀಳುವುದಿಲ್ಲ.

ಅಟಾರಿ ಎಸ್‌ಟಿ ತೆರೆದು ನೋಡಿದವರು ಒಳಗೆ ಎಂಎಂಯು ಅಂತಲೇ ಕರೆಯುವ ಚಿಪ್ ಇದೆಯಲ್ಲ ಅನ್ನುತ್ತಾರೆ. ಇದೆ. ಆದರೆ ಅದು ಮೆಮೊರಿಗೆ ಸಿಗ್ನಲ್ ಕೊಡುವ ಕಂಟ್ರೋಲರ್ ಅಷ್ಟೇ. ವಿಳಾಸ ಬದಲಿಸುವುದೂ ಇಲ್ಲ, ಯಾರನ್ನೂ ತಡೆಯುವುದೂ ಇಲ್ಲ. ಕಮೊಡೋರ್ 128ರಲ್ಲೂ ಎಂಎಂಯು ಅನ್ನುವ ಚಿಪ್ ಇದೆ. ಅದು ಪ್ರೊಸೆಸರಿಗೆ ಕಾಣುವ ಮೆಮೊರಿ ತುಂಡನ್ನು, ಅಂದರೆ ಬ್ಯಾಂಕನ್ನು, ಬದಲಿಸುತ್ತದೆ, ಕಾವಲು ಕಾಯುವುದಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿ ಇಲ್ಲ ಅನ್ನುವ ಹಾಗೆ. ಚಿಪ್ಪಿನ ಹೆಸರು ಬಿಟ್ಟು ಕೆಲಸ ನೋಡಿ.

ಇನ್ನೊಂದು ವಿಷಯ ಯಾರೂ ಕೇಳುವುದೇ ಇಲ್ಲ: ಮೆಷಿನ್‌ನಲ್ಲಿ ಟೈಮರ್ ಇದೆಯಾ? ಒಂದು ಪ್ರೋಗ್ರಾಮಿನಿಂದ ಪ್ರೊಸೆಸರನ್ನು ಕಿತ್ತು ಇನ್ನೊಂದಕ್ಕೆ ಕೊಡಬೇಕಾದರೆ, ಸೆಕೆಂಡಿಗೆ ಇಷ್ಟು ಸಲ ಬೆನ್ನು ತಟ್ಟಿ ಎಬ್ಬಿಸುವ ಇಂಟರಪ್ಟ್ ಬೇಕು. ಕಮೊಡೋರ್ 64ರಲ್ಲಿ ಅದಕ್ಕೆ ಟೈಮರ್‌ಗಳಿವೆ. ಸ್ಪೆಕ್ಟ್ರಮ್‌ನಲ್ಲಿ ಪರದೆಯ ಜೊತೆ ಸೆಕೆಂಡಿಗೆ 50 ಸಲ ಇಂಟರಪ್ಟ್ ಬರುತ್ತದೆ. 1977ರ ಆಪಲ್ 2ರಲ್ಲಿ ಅಂಥದ್ದು ಏನೂ ಇಲ್ಲ. ಕಾರ್ಡ್ ಹಾಕಿ ತರಿಸಿಕೊಳ್ಳಬೇಕು. ಹಾಗಾಗಿ ಬರೀ ಆಪಲ್ 2 ಇಟ್ಟುಕೊಂಡು ಮಲ್ಟಿಟಾಸ್ಕಿಂಗ್ ಕನಸು ಕಾಣುವವರಿಗೆ ನಾನು ಹೇಳುವುದು ಒಂದೇ, ಬೇರೆ ಮೆಷಿನ್ ನೋಡಿ.

6502: ಬಡವನ ಸ್ಟ್ಯಾಕ್

ಕಮೊಡೋರ್ 64 ಬಂದದ್ದು 1982ರಲ್ಲಿ. 6502 ಪ್ರೊಸೆಸರಿನ ತಮ್ಮ 6510, ಹೆಚ್ಚುಕಡಿಮೆ 1 ಮೆಗಾಹರ್ಟ್ಜ್, 64 ಕೆಬಿ ಮೆಮೊರಿ. ಅದರ ಅಸಲಿ ತೊಂದರೆ ಈ ಅಂಕಿಗಳಲ್ಲಿ ಕಾಣುವುದಿಲ್ಲ. ಪ್ರೋಗ್ರಾಮ್ ತಾನು ಎಲ್ಲಿಗೆ ವಾಪಸ್ ಹೋಗಬೇಕು ಅಂತ ಗುರುತು ಹಾಕಿಡುವ ಜಾಗಕ್ಕೆ ಸ್ಟ್ಯಾಕ್ ಅನ್ನುತ್ತಾರೆ. 6502ರಲ್ಲಿ ಅದು 256 ಬೈಟ್ ಮಾತ್ರ, ಅದೂ ಮೆಮೊರಿಯಲ್ಲಿ ಒಂದೇ ಜಾಗದಲ್ಲಿ ಮೊಳೆ ಹೊಡೆದ ಹಾಗೆ. ಎರಡು ಪ್ರೋಗ್ರಾಮ್ ಓಡಬೇಕಾದರೆ ಇಬ್ಬರಿಗೂ ಸ್ಟ್ಯಾಕ್ ಬೇಕು, ಇರುವುದು ಒಂದು.

ಒಂದು ದಾರಿ, ಪ್ರತಿ ಸಲ ಬದಲಿಸುವಾಗ ಇಡೀ ಸ್ಟ್ಯಾಕನ್ನು ಬೇರೆ ಕಡೆ ನಕಲು ಮಾಡುವುದು. ಲೆಕ್ಕ ಹಾಕಿ ನೋಡೋಣ. ಒಂದು ಬೈಟ್ ಓದು, ಬರೆ, ಎಣಿಕೆ ಹೆಚ್ಚಿಸು, ಮತ್ತೆ ಸುತ್ತು: ಈ ಸಣ್ಣ ಲೂಪ್ 14 ಸೈಕಲ್ ತಿನ್ನುತ್ತದೆ. 256 ಬೈಟಿಗೆ 3,584 ಸೈಕಲ್. ಹೋಗುವವನದನ್ನು ಎತ್ತಿಟ್ಟು ಬರುವವನದನ್ನು ತರಬೇಕಲ್ಲ, ಒಟ್ಟು 7,168. ಅಂದರೆ 7 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಸೆಕೆಂಡಿಗೆ 50 ಸಲ ಹೀಗೆ ಬದಲಿಸಿದರೆ ಪ್ರೊಸೆಸರಿನ ಸಮಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೀ ಸಾಮಾನು ಸಾಗಿಸುವುದಕ್ಕೇ ಹೋಯಿತು. ಕೆಲಸ ಇನ್ನೂ ಶುರುವೇ ಆಗಿಲ್ಲ.

ಇದಕ್ಕೆ ಜನ ಹುಡುಕಿದ ಉಪಾಯಗಳೇ 6502 ಓಎಸ್‌ಗಳ ನಡುವಿನ ಅಸಲಿ ವ್ಯತ್ಯಾಸ. 256 ಬೈಟನ್ನೇ ತುಂಡು ಮಾಡಿ ಹಂಚಬಹುದು; ಆಗ ಒಬ್ಬೊಬ್ಬರಿಗೆ ಸಿಗುವುದು 64 ಬೈಟೋ ಏನೋ, ಆಳವಾಗಿ ಒಂದರೊಳಗೊಂದು ಕರೆಯುವ ಪ್ರೋಗ್ರಾಮ್ ಬರೆಯುವ ಹಾಗಿಲ್ಲ. ಆರ್‌ಇಯು ಅನ್ನುವ ಮೆಮೊರಿ ಕಾರ್ಟ್ರಿಜ್ ಇದ್ದರೆ ಅದು ಪ್ರೊಸೆಸರನ್ನು ಪಕ್ಕಕ್ಕೆ ನಿಲ್ಲಿಸಿ ಸೈಕಲಿಗೆ ಒಂದು ಬೈಟ್ ಸಾಗಿಸುತ್ತದೆ; 7 ಮಿಲಿಸೆಕೆಂಡ್ ಇದ್ದದ್ದು ಅರ್ಧ ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಕಮೊಡೋರ್ 128ರಲ್ಲಿ ಇನ್ನೂ ಸುಲಭ. ಆಗಲೇ ಬೈದೆನಲ್ಲ, ಅದೇ ಹೆಸರಿಗೆ ಮಾತ್ರದ ಎಂಎಂಯು ಸ್ಟ್ಯಾಕಿನ ಜಾಗವನ್ನೇ ಬೇರೆ ಕಡೆ ತೋರಿಸುತ್ತದೆ, ನಕಲು ಮಾಡುವ ಗೋಜೇ ಇಲ್ಲ. ಬೈದದ್ದು ವಾಪಸ್ ತೆಗೆದುಕೊಳ್ಳುತ್ತೇನೆ, ಅರ್ಧ.

ಆಯ್ಕೆಗೆ ಬರೋಣ. ಜಿಯೋಸ್ 1986ರದ್ದು, ಬರ್ಕ್ಲಿ ಸಾಫ್ಟ್‌ವರ್ಕ್ಸ್ ಮಾಡಿದ್ದು. ಐಕಾನ್, ಮೆನು, ಮೌಸ್ ಎಲ್ಲ ಇದೆ, ನೋಡಲು ಚೆಂದ. ಆದರೆ ಮಲ್ಟಿಟಾಸ್ಕಿಂಗ್ ಇಲ್ಲ. ಪರದೆಗೆ 8 ಕೆಬಿ, ಓಎಸ್‌ಗೆ ಇಷ್ಟು ಅಂತ ಕಳೆದು ಪ್ರೋಗ್ರಾಮಿಗೆ ಉಳಿಯುವುದು 23 ಕೆಬಿ ಮಾತ್ರ. ಪುಟ್ಟ ಕ್ಯಾಲ್ಕುಲೇಟರ್ ತೆರೆದರೂ ಆ ಜಾಗದಲ್ಲಿದ್ದದ್ದನ್ನು ಡಿಸ್ಕಿಗೆ ಎತ್ತಿಟ್ಟು, ಮುಚ್ಚಿದ ಮೇಲೆ ವಾಪಸ್ ತರುತ್ತದೆ. ಡ್ರೈವ್ ಕೆಂಪು ದೀಪ ಹೊತ್ತಿಸಿಕೊಂಡು ಗುರುಗುಟ್ಟುವುದನ್ನು ನೋಡುತ್ತ ಕೂರಬೇಕು. ಆರ್‌ಇಯು ಹಾಕಿದರೆ ಇದೇ ಜಿಯೋಸ್ ಬೇರೆಯೇ ಮೆಷಿನ್ ಅನ್ನಿಸುತ್ತದೆ.

ಕಂಟಿಕಿ ಬೇರೆ ದಾರಿ ಹಿಡಿಯಿತು. ಆಡಮ್ ಡಂಕಲ್ಸ್ ಬರೆದದ್ದು, 2003ರಲ್ಲಿ ಹೊರಬಂತು. ಸ್ಟ್ಯಾಕ್ ಹಂಚುವ ಜಗಳವೇ ಬೇಡ ಅಂತ, ಪ್ರತಿ ಪ್ರೋಗ್ರಾಮೂ ಸಣ್ಣ ಸಣ್ಣ ಕೆಲಸ ಮಾಡಿ ತಾನಾಗಿ ಜಾಗ ಬಿಟ್ಟುಕೊಡಬೇಕು ಅನ್ನುವ ನಿಯಮ. ಎಲ್ಲರೂ ಒಂದೇ ಸ್ಟ್ಯಾಕ್ ಬಳಸುತ್ತಾರೆ. ಒಬ್ಬ ಜಾಗ ಬಿಡದೆ ಹಠ ಹಿಡಿದರೆ ಎಲ್ಲರೂ ನಿಂತರು. ಈಥರ್ನೆಟ್ ಕಾರ್ಟ್ರಿಜ್ ಇದ್ದರೆ ಇದು ನೆಟ್‌ವರ್ಕಿಗೂ ಹೋಗುತ್ತದೆ. ಆಮೇಲೆ ಇದೇ ಕಂಟಿಕಿ ಪುಟ್ಟ ಸೆನ್ಸರ್ ಸಾಧನಗಳ ಓಎಸ್ ಆಗಿ ಬೆಳೆಯಿತು. ಅವುಗಳ ಬಡತನವೂ ಇದೇ ಥರದ್ದಲ್ವಾ. ನಿಜವಾದ, ಕಿತ್ತುಕೊಂಡು ಕೊಡುವ ಮಲ್ಟಿಟಾಸ್ಕಿಂಗ್ ಕಮೊಡೋರ್ 64ರಲ್ಲೇ ಬೇಕು ಅನ್ನುವವರಿಗೆ ಲ್ಯೂನಿಕ್ಸ್ ಇದೆ. ಕಲಿಯುವುದಕ್ಕೆ ಚೆನ್ನಾಗಿದೆ. ದಿನವೂ ಬಳಸಲು ಕೊಡುತ್ತೀರಾ ಅಂದರೆ ನಾನು ಜಿಯೋಸ್ ತೆಗೆದುಕೊಳ್ಳುತ್ತೇನೆ.

ಝಡ್80: ಸೊನ್ನೆಯಲ್ಲಿ ಏನಿದೆ?

ಝಡ್80 ಪ್ರೊಸೆಸರಿಗೆ ಸ್ಟ್ಯಾಕಿನ ಕಾಟ ಇಲ್ಲ. ಎಲ್ಲಿ ಬೇಕಾದರೂ ಇಡಬಹುದು. ಇಲ್ಲಿ ಕೇಳಬೇಕಾದ ಪ್ರಶ್ನೆ, ಮೆಮೊರಿಯ ಸೊನ್ನೆ ವಿಳಾಸದಲ್ಲಿ ಬರೆಯಬಹುದಾದ ರಾಮ್ ಇದೆಯಾ, ಬರೀ ಓದಬಹುದಾದ ರೋಮ್ ಇದೆಯಾ ಅನ್ನುವುದು. ಗ್ಯಾರಿ ಕಿಲ್ಡಾಲ್ 1974ರಲ್ಲಿ ಬರೆದ ಸಿಪಿ/ಎಂ ಓಎಸ್‌ನ ಪ್ರೋಗ್ರಾಮ್‌ಗಳೆಲ್ಲ 256ನೇ ವಿಳಾಸದಿಂದ ಶುರುವಾಗುತ್ತವೆ. ಅದಕ್ಕಿಂತ ಕೆಳಗಿನ ಜಾಗದಲ್ಲಿ ಓಎಸ್ ತನ್ನ ಚೀಟಿಗಳನ್ನು ಬರೆದಿಡುತ್ತದೆ. 48 ಕೆಬಿ ಸ್ಪೆಕ್ಟ್ರಮ್‌ನಲ್ಲಿ ಮೊದಲ 16 ಕೆಬಿ ರೋಮ್. ಅಲ್ಲಿ ಬರೆಯುವ ಹಾಗೇ ಇಲ್ಲ. 128 ಕೆಬಿ ಸ್ಪೆಕ್ಟ್ರಮ್ ಬಂದಾಗಲೂ ಬ್ಯಾಂಕ್ ಬದಲಾದದ್ದು ಮೇಲಿನ 16 ಕೆಬಿಯಲ್ಲಿ, ಕೆಳಗಿನ ರೋಮ್ ಕದಲಲಿಲ್ಲ. 1987ರ ಪ್ಲಸ್ 3ರಲ್ಲಿ ಪೂರ್ತಿ ರಾಮ್ ಆಗುವ ವ್ಯವಸ್ಥೆ ಬಂತು, ಸಿಪಿ/ಎಂ ಕೂಡ ಬಂತು. ಮೆಮೊರಿ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

ಝಡ್80 ಬೇಕು ಅಂದರೆ ನನ್ನ ಆಯ್ಕೆ ಆಮ್‌ಸ್ಟ್ರಾಡ್ ಸಿಪಿಸಿ 6128, ಇಲ್ಲವೇ ಎಂಎಸ್‌ಎಕ್ಸ್2. 1985ರ ಈ ಸಿಪಿಸಿಯಲ್ಲಿ 128 ಕೆಬಿ ಇದೆ, ಸಾಲಿಗೆ 80 ಅಕ್ಷರ ತೋರಿಸುತ್ತದೆ. ಸಿಪಿ/ಎಂ ಪ್ಲಸ್ ತನ್ನ ಸಂಸಾರವನ್ನೆಲ್ಲ ಇನ್ನೊಂದು ಬ್ಯಾಂಕಿಗೆ ಸಾಗಿಸಿ ಪ್ರೋಗ್ರಾಮಿಗೆ 61 ಕೆಬಿ ಬಿಡುತ್ತದೆ. 64 ಕೆಬಿ ಮಾತ್ರ ಕಾಣುವ ಪ್ರೊಸೆಸರಿನಲ್ಲಿ 61 ಕೆಬಿ ಕೊಡುವುದು ಸಣ್ಣ ಮಾತಲ್ಲ. ಕಮೊಡೋರ್ 64ಕ್ಕೂ ಝಡ್80 ಕಾರ್ಟ್ರಿಜ್ ಮಾಡಿ ಸಿಪಿ/ಎಂ ಕೊಟ್ಟಿದ್ದರು. ಸಾಲಿಗೆ 40 ಅಕ್ಷರದ ಪರದೆ, ಬೇರೆ ಸಿಪಿ/ಎಂ ಡಿಸ್ಕ್ ಓದಲಾಗದ ಡ್ರೈವ್. ಅದನ್ನು ಕಪಾಟಿನಲ್ಲಿ ಅಂದಕ್ಕೆ ಇಡಿ, ಸಾಕು.

ಇದೇ ಸಿಪಿಸಿ, ಎಂಎಸ್‌ಎಕ್ಸ್2 ಮೆಷಿನ್‌ಗಳ ಮೇಲೆ ಸಿಂಬಾಸ್ ಓಡುವುದನ್ನು ಒಂದು ಸಲ ನೋಡಬೇಕು. ಕಿಟಕಿಗಳು, ಟಾಸ್ಕ್ ಬಾರ್, ಕಿತ್ತುಕೊಂಡು ಕೊಡುವ ಮಲ್ಟಿಟಾಸ್ಕಿಂಗ್, ಎಲ್ಲ 4 ಮೆಗಾಹರ್ಟ್ಜ್ ಸುತ್ತಮುತ್ತಲಿನ 8 ಬಿಟ್ ಪ್ರೊಸೆಸರಿನಲ್ಲಿ. 128 ಕೆಬಿ ಇದ್ದರೆ ಏಳುತ್ತದೆ, 1 ಎಂಬಿವರೆಗೆ ಬಳಸುತ್ತದೆ. ಬ್ಯಾಂಕ್ ಬದಲಿಸುವ ಸೌಕರ್ಯವನ್ನೇ ಇದು ಗೋಡೆಯ ಹಾಗೆ ಬಳಸಿಕೊಂಡಿದೆ: ಪ್ರೋಗ್ರಾಮ್ ತನ್ನ ಬ್ಯಾಂಕಿನಲ್ಲಿ ಇರಲಿ, ಓಡುವಾಗ ಆ ಬ್ಯಾಂಕನ್ನು ಮುಂದೆ ತರೋಣ. ಆದರೆ ಆ ಗೋಡೆಗೆ ಬಾಗಿಲಿದೆ, ಬೀಗ ಇಲ್ಲ. ಕೆಟ್ಟ ಪ್ರೋಗ್ರಾಮ್ ಬ್ಯಾಂಕ್ ಬದಲಿಸಿ ಪಕ್ಕದವನ ಮನೆ ಕೆಡಿಸಿದರೆ ಕೇಳುವವರಿಲ್ಲ.

ಯುನಿಕ್ಸ್ ರುಚಿಯೇ ಬೇಕು ಅಂದರೆ ಫ್ಯೂಜಿಕ್ಸ್. ಅಲನ್ ಕಾಕ್ಸ್ 2014ರಲ್ಲಿ ಹೊರತಂದದ್ದು. ಝಡ್80 ಅಲ್ಲದೆ ಬೇರೆ ಪ್ರೊಸೆಸರ್‌ಗಳಿಗೂ ಇದೆ. ಕಮಾಂಡ್ ಟೈಪ್ ಮಾಡುವ ಶೆಲ್, ಫೈಲ್ ವ್ಯವಸ್ಥೆ, ಹಳೇ ಯುನಿಕ್ಸಿನ ಸಣ್ಣ ಕಮಾಂಡುಗಳು ಎಲ್ಲ ಇವೆ. ಬ್ಯಾಂಕ್ ಧಾರಾಳ ಇರುವ ಮೆಷಿನ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಇಲ್ಲದ ಕಡೆ ಒಂದು ಪ್ರೋಗ್ರಾಮ್ ಓಡುವಾಗ ಉಳಿದವನ್ನು ಡಿಸ್ಕಿಗೆ ಎತ್ತಿಡಬೇಕು. ಫ್ಲಾಪಿಯಲ್ಲಿ ಇದನ್ನು ಮಾಡಲು ಹೋಗಬೇಡಿ. ಫ್ಲ್ಯಾಶ್ ಕಾರ್ಡ್ ಹಾಕುವ ಅಡಾಪ್ಟರ್ ಇದ್ದರೆ ಮಾತ್ರ ಕೈ ಹಾಕಿ.

6809: ಹೆಚ್ಚಿಗೆ ಯಾರೂ ಮಾತಾಡದ ಜಾಣ

8 ಬಿಟ್‌ನಲ್ಲಿ ಯುನಿಕ್ಸ್ ಥರದ ಓಎಸ್ ಸಲೀಸಾಗಿ ಓಡಬೇಕು ಅಂದರೆ, ನನ್ನ ವೋಟು ಟ್ಯಾಂಡಿ ಕಲರ್ ಕಂಪ್ಯೂಟರ್ 3ಕ್ಕೆ. 1986ರ ಮೆಷಿನ್. ಒಳಗೆ ಮೋಟೊರೋಲಾ 6809, ವೇಗ 1.79 ಮೆಗಾಹರ್ಟ್ಜ್. ಅಷ್ಟೇನಾ ಅನ್ನಬೇಡಿ.

6809ಕ್ಕೆ ಎರಡು ಸ್ಟ್ಯಾಕ್ ಪಾಯಿಂಟರ್ ಇವೆ, ಸ್ಟ್ಯಾಕನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಸೊನ್ನೆ ಪುಟ, ಅಂದರೆ ಮೆಮೊರಿಯ ಮೊದಲ 256 ಬೈಟು, 6502ರಲ್ಲಿ ಅದೂ ಮೊಳೆ ಹೊಡೆದಂತೆ; ಇಲ್ಲಿ ಒಂದು ರಿಜಿಸ್ಟರ್ ಬದಲಿಸಿದರೆ ಬೇರೆ ಕಡೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ‘ನಾನು ಈಗ ಇರುವ ಜಾಗದಿಂದ ಇಷ್ಟು ದೂರ’ ಅನ್ನುವ ಲೆಕ್ಕದಲ್ಲಿ ವಿಳಾಸ ಹೇಳಬಹುದು. ಹಾಗೆ ಬರೆದ ಪ್ರೋಗ್ರಾಮನ್ನು ಮೆಮೊರಿಯಲ್ಲಿ ಎಲ್ಲಿ ಕೂರಿಸಿದರೂ ಓಡುತ್ತದೆ. ಈ ಪ್ರೊಸೆಸರಿಗೆಂದೇ ಬರೆದ ಓಎಸ್ ಮೈಕ್ರೋವೇರ್ ಕಂಪನಿಯ ಓಎಸ್-9. ಆಪಲ್‌ನ ಮ್ಯಾಕ್ ಓಎಸ್ 9ಕ್ಕೂ ಇದಕ್ಕೂ ಸಂಬಂಧ ಇಲ್ಲ. ಹುಡುಕುವಾಗ ಅದೇ ಮೊದಲು ಬಂದು ತಲೆ ತಿನ್ನುತ್ತದೆ.

ಈ ಮೆಷಿನ್‌ನ ಗೈಮ್ ಅನ್ನುವ ಚಿಪ್ 64 ಕೆಬಿಯನ್ನು 8 ಕೆಬಿಯ ಎಂಟು ತುಂಡು ಮಾಡಿ, ಪ್ರತಿ ತುಂಡನ್ನೂ 512 ಕೆಬಿಯಲ್ಲಿ ಎಲ್ಲಿಗೆ ಬೇಕಾದರೂ ತೋರಿಸುತ್ತದೆ. ಓಎಸ್-9 ಲೆವೆಲ್ 2 ಇದನ್ನು ಬಳಸಿ ಪ್ರತಿ ಪ್ರಕ್ರಿಯೆಗೂ ತನ್ನದೇ ಆದ 64 ಕೆಬಿ ಲೋಕ ಕೊಡುತ್ತದೆ. ಎಂಎಂಯುವಿನ ಮೊದಲ ಕೆಲಸ ಪೂರ್ತಿ ಆಯಿತು. ಎರಡನೆಯದು ಇಲ್ಲ: ಗೈಮ್‌ನ ರಿಜಿಸ್ಟರ್‌ಗಳು ಎಲ್ಲ ಪ್ರೋಗ್ರಾಮಿಗೂ ಕಾಣುವ ಜಾಗದಲ್ಲೇ ಇವೆ, ಬರೆಯಬೇಡ ಅನ್ನುವವರಿಲ್ಲ. ಆದರೂ ತಪ್ಪಿ ಕಾಲಿಟ್ಟು ಪಕ್ಕದವನನ್ನು ತುಳಿಯುವುದು ಇಲ್ಲಿ ಎಷ್ಟೋ ಕಡಿಮೆ.

ಇದರಲ್ಲೂ ಒಂದು ಹುಳುಕು ಇದೆ. ಮಾಮೂಲಿ ಫ್ಲಾಪಿ ಕಂಟ್ರೋಲರ್ ಡೇಟಾ ಸಾಗಿಸುವಾಗ ಪ್ರೊಸೆಸರನ್ನೇ ನಿಲ್ಲಿಸಿಬಿಡುತ್ತದೆ. ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಮ್ ಡಿಸ್ಕ್ ಓದುತ್ತಿರುವಾಗ ನೀವು ಟೈಪ್ ಮಾಡಿ ನೋಡಿ. ‘ಕನ್ನಡ’ ಅಂತ ಹೊಡೆದರೆ ಪರದೆಯಲ್ಲಿ ‘ಕಡ’ ಅಂತ ಬರುತ್ತದೆ. ಹೌದು, ಆ ಮೆಷಿನ್‌ನಲ್ಲಿ ಕನ್ನಡ ಅಕ್ಷರ ಬರುವುದಿಲ್ಲ. ಅಕ್ಷರ ನುಂಗುವ ರೀತಿ ಮಾತ್ರ ಹೀಗೇ. ಎಷ್ಟು ಒಳ್ಳೇ ಮಲ್ಟಿಟಾಸ್ಕಿಂಗ್ ಬರೆದರೂ ಕಂಟ್ರೋಲರ್ ಹೀಗಿದ್ದರೆ ಏನು ಮಾಡುವುದು? ಪ್ರೊಸೆಸರನ್ನು ನಿಲ್ಲಿಸದ ಕಂಟ್ರೋಲರ್‌ಗಳನ್ನು ಆಗಲೇ ಮಾಡಿ ಮಾರಿದ್ದರು. ಈಗ ಬಳಸುವವರು ನೈಟ್ರೋಸ್-9 ಅನ್ನುವ ಹೊಸ ರೂಪವನ್ನು ಫ್ಲ್ಯಾಶ್ ಕಾರ್ಡ್ ಜೊತೆ ಹಾಕಿಕೊಳ್ಳುವುದು ವಾಸಿ.

68000 ಮತ್ತು ಅದರ ತಮ್ಮಂದಿರು

ಇಲ್ಲೇ ಜನ ಹೆಚ್ಚು ಎಡವುವುದು. 1985ರ ಅಟಾರಿ ಎಸ್‌ಟಿ, 1987ರ ಅಮಿಗಾ 500 ಎರಡರಲ್ಲೂ 68000. ವೇಗ 7ರಿಂದ 8 ಮೆಗಾಹರ್ಟ್ಜ್. ಒಳಗೆ 32 ಬಿಟ್ ರಿಜಿಸ್ಟರ್‌ಗಳು, ಬಳಕೆದಾರನಿಗೂ ಓಎಸ್‌ಗೂ ಬೇರೆ ಬೇರೆ ಮೋಡ್. ನೋಡಿದರೆ ಯುನಿಕ್ಸ್‌ಗೇ ಹುಟ್ಟಿದ ಹಾಗಿದೆ. ಹಾಗಾದರೆ ಹೊರಗಿನಿಂದ ಒಂದು ಎಂಎಂಯು ಸೇರಿಸಬಾರದಾ?

ಸೇರಿಸಿದರೂ, ಡಿಸ್ಕಿನ ಜಾಗವನ್ನು ಮೆಮೊರಿಯ ಹಾಗೆ ಬಳಸುವ ವರ್ಚುವಲ್ ಮೆಮೊರಿ ಸರಿಯಾಗಿ ಬರುವುದಿಲ್ಲ. ಮೆಮೊರಿಯಲ್ಲಿ ಸದ್ಯಕ್ಕೆ ಇಲ್ಲದ ಪುಟಕ್ಕೆ (ಮೆಮೊರಿಯ ಒಂದು ತುಂಡಿಗೆ) ಪ್ರೋಗ್ರಾಮ್ ಕೈ ಹಾಕಿದಾಗ ಓಎಸ್ ಆ ಪುಟ ತಂದುಕೊಟ್ಟು, ನಿಂತ ಸೂಚನೆಯನ್ನು ಮತ್ತೆ ಓಡಿಸಬೇಕು. 68000 ಆ ಹೊತ್ತಿಗೆ ತಾನು ಎಲ್ಲಿದ್ದೆ ಅನ್ನುವುದನ್ನು ಪೂರ್ತಿ ನೆನಪಿಟ್ಟಿರುವುದಿಲ್ಲ. 1982ರ 68010ರಲ್ಲಿ ಇದನ್ನು ಸರಿಮಾಡಿದರು. ಅದಕ್ಕೆ ಮುಂಚೆ ಅಪೋಲೊ ಕಂಪನಿ ತನ್ನ ಮೊದಲ ವರ್ಕ್‌ಸ್ಟೇಶನ್‌ನಲ್ಲಿ ಎರಡು 68000 ಹಾಕಿತ್ತು. ಒಂದು ಎಡವಿ ನಿಂತಾಗ ಇನ್ನೊಂದು ಪುಟ ತಂದುಕೊಡಲಿ ಅಂತ!

ಇಷ್ಟಾದರೂ 68000ದ ಮೇಲೆ ಯುನಿಕ್ಸ್ ಥರದ ಪುಟ್ಟ ಓಎಸ್ ಮಿನಿಕ್ಸ್ ಓಡಿದೆ, ಎಸ್‌ಟಿಯಲ್ಲೂ ಅಮಿಗಾದಲ್ಲೂ. ಹೇಗೆ? ಫೋರ್ಕ್ ಅಂದರೆ ಓಡುತ್ತಿರುವ ಪ್ರೋಗ್ರಾಮ್ ತನ್ನದೇ ಇನ್ನೊಂದು ಪ್ರತಿ ಹುಟ್ಟಿಸುವುದು. ಹಾಗೆ ಮಾಡಿದಾಗ ಅಪ್ಪ ಮಗ ಇಬ್ಬರೂ ಅದೇ ವಿಳಾಸದಲ್ಲೇ ಇರಬೇಕು, ಯಾಕಂದರೆ ಒಳಗಿನ ಪಾಯಿಂಟರ್‌ಗಳೆಲ್ಲ ಆ ವಿಳಾಸವನ್ನೇ ಹಿಡಿದಿವೆ. ವಿಳಾಸ ಬದಲಿಸುವ ಎಂಎಂಯು ಇಲ್ಲ. ಹಾಗಾಗಿ ಒಬ್ಬನ ಸರದಿ ಬಂದಾಗ ಇನ್ನೊಬ್ಬನನ್ನು ಎತ್ತಿ ಪಕ್ಕಕ್ಕಿಟ್ಟು ಇವನನ್ನು ಕೂರಿಸುವುದು. 100 ಕೆಬಿ ಪ್ರೋಗ್ರಾಮ್ ಅಂದುಕೊಳ್ಳಿ. 8 ಮೆಗಾಹರ್ಟ್ಜ್‌ನಲ್ಲಿ ಸಾದಾ ನಕಲಿಗೆ ಬೈಟಿಗೆ 5 ಸೈಕಲ್ ಹಿಡಿದರೂ ಎತ್ತಿಟ್ಟು ಕೂರಿಸುವುದಕ್ಕೆ ಸೆಕೆಂಡಿನ ಎಂಟನೇ ಒಂದು ಭಾಗ ಹೋಯಿತು. ಮಗ ಬೇಗ ಬೇರೆ ಪ್ರೋಗ್ರಾಮ್ ಆಗಿಬಿಟ್ಟರೆ ಬಚಾವ್. ಶೆಲ್‌ನಲ್ಲಿ ಸಾಮಾನ್ಯವಾಗಿ ಹಾಗೇ ಆಗುವುದರಿಂದ ಮಿನಿಕ್ಸ್ ಉಸಿರಾಡುತ್ತದೆ.

ಅಮಿಗಾಓಎಸ್ ಕಥೆಯೇ ಬೇರೆ. ಅದು 1985ರಲ್ಲೇ 256 ಕೆಬಿಯ ಮೆಷಿನ್‌ನಲ್ಲಿ ಮಲ್ಟಿಟಾಸ್ಕಿಂಗ್ ಮಾಡಿ ತೋರಿಸಿತು. ಗುಟ್ಟು ಏನಂದರೆ, ಪ್ರೋಗ್ರಾಮ್‌ಗಳು ಸಂದೇಶ ಕಳಿಸುವಾಗ ನಕಲು ಮಾಡುವುದಿಲ್ಲ, ಮೆಮೊರಿ ಎಲ್ಲಿದೆ ಅನ್ನುವ ಪಾಯಿಂಟರ್ ಅಷ್ಟೇ ಕೊಡುತ್ತವೆ. ಅದರಿಂದಲೇ ಆ ವೇಗ, ಅದರಿಂದಲೇ ಮೆಷಿನ್ ಕುಸಿದಾಗ ಬರುವ ಆ ಕೆಂಪು ಗುರು ಮೆಡಿಟೇಶನ್ ಪೆಟ್ಟಿಗೆ. ಎಲ್ಲರ ಮೆಮೊರಿಯೂ ಎಲ್ಲರಿಗೂ ತೆರೆದಿರಬೇಕು ಅನ್ನುವುದರ ಮೇಲೇ ಕಟ್ಟಿದ ಮನೆಗೆ ಆಮೇಲೆ ಗೋಡೆ ಎಬ್ಬಿಸುವುದು ಕಷ್ಟ. ಸುಮ್ನೆ ಹಾಗೇ ಬಳಸಿ. ಅಮಿಗಾ 500ಕ್ಕೆ ಇದಕ್ಕಿಂತ ಒಪ್ಪುವ ಓಎಸ್ ಇಲ್ಲ. ಎಸ್‌ಟಿಗೆ 4 ಎಂಬಿ ತುಂಬಿಸಿದ್ದರೆ ಫ್ರೀಮಿಂಟ್ ಅನ್ನುವ ಮಲ್ಟಿಟಾಸ್ಕಿಂಗ್ ಓಎಸ್ ಹಾಕಿ ನೋಡಬಹುದು. 68000ದಲ್ಲಿ ಮೆಮೊರಿ ರಕ್ಷಣೆ ಸಿಗುವುದಿಲ್ಲ, 68030 ಇರುವ ಅಟಾರಿ ಟಿಟಿ ಮತ್ತು ಫಾಲ್ಕನ್‌ನಲ್ಲಿ ಸಿಗುತ್ತದೆ.

ಪೂರ್ತಿ ಯುನಿಕ್ಸ್ ಬೇಕಾ? ಆಗ 68030, 68040 ಅಥವಾ 68060, ಇಸಿ ಅಕ್ಷರ ಇಲ್ಲದ್ದು. 040ರಲ್ಲಿ ಎಲ್‌ಸಿ ಅಂತ ಇದ್ದರೆ ಎಂಎಂಯು ಇರುತ್ತದೆ, ದಶಮಾಂಶ ಲೆಕ್ಕದ ಎಫ್‌ಪಿಯು ಇರುವುದಿಲ್ಲ. 1990ರ ಅಮಿಗಾ 3000 ಇದಕ್ಕೆ ಒಳ್ಳೇ ಆಯ್ಕೆ: ಅಸಲಿ 68030, ಡಿಸ್ಕ್ ಜೋಡಿಸುವ ಸ್ಕಸಿ ಒಳಗೇ ಇದೆ, ಕಮೊಡೋರೇ ಇದಕ್ಕೆ ಯುನಿಕ್ಸ್ ಹಾಕಿ 3000ಯುಎಕ್ಸ್ ಅಂತ ಮಾರಿತ್ತು. ಅಮಿಗಾ 4000 ಹೊಸದು, ಹಾಗಾಗಿ ಅದೇ ವಾಸಿ ಅಂದುಕೊಳ್ಳಬೇಡಿ. 4000/030 ಮಾದರಿಯಲ್ಲಿ ಇರುವುದು ಇಸಿ030. ಅಮಿಗಾ 1200ರಲ್ಲಿ ಮೂಲದಲ್ಲಿ ಬರುವುದು 68ಇಸಿ020, ಅದಕ್ಕೂ ಎಂಎಂಯು ಇಲ್ಲ. ಅದಕ್ಕೆ ಮೆಮೊರಿ ಕಾರ್ಡ್ ಹಾಕುವಾಗ ಇನ್ನೊಂದು ಕೊಕ್ಕೆ: ಮೂಲ ಪ್ರೊಸೆಸರಿನ ವಿಳಾಸ 24 ಬಿಟ್, ಹಾಗಾಗಿ 8 ಎಂಬಿ ಸೇರಿಸಿದರೆ ಪಿಸಿಎಂಸಿಐಎ ಅನ್ನುವ ಕಾರ್ಡ್ ಕಿಂಡಿಗೆ ಮೀಸಲಾದ ವಿಳಾಸದ ಮೇಲೇ ಹೋಗಿ ಕೂರುತ್ತದೆ. ಅಲ್ಲಿ ನೆಟ್‌ವರ್ಕ್ ಕಾರ್ಡ್ ಹಾಕುವ ಯೋಚನೆ ಇದ್ದರೆ 4 ಎಂಬಿಗೇ ನಿಲ್ಲಿ.

ಲಿನಕ್ಸಾ, ನೆಟ್‌ಬಿಎಸ್‌ಡಿಯಾ? ಲಿನಕ್ಸಿನ ಒಂದು ರೂಪವಾದ ಡೆಬಿಯನ್ 68000 ಮನೆತನವನ್ನು 2005ರ 3.1 ಆದ ಮೇಲೆ ಅಧಿಕೃತ ಪಟ್ಟಿಯಿಂದ ಬಿಟ್ಟಿತು, ಸ್ವಯಂಸೇವಕರು ಪಕ್ಕದಲ್ಲಿ ನಡೆಸಿಕೊಂಡು ಬಂದರು. ನನಗೆ ನೆಟ್‌ಬಿಎಸ್‌ಡಿ ಹಗುರ ಅನ್ನಿಸುತ್ತದೆ. 16 ಎಂಬಿಗಿಂತ ಕಡಿಮೆ ಇದ್ದರೆ ಯಾವುದೂ ಬೇಡ.

ಉಳಿದವು, ಬೇಗ ಬೇಗ

ಸಿಂಕ್ಲೇರ್ ಕ್ಯೂಎಲ್ 1984ರಲ್ಲೇ 128 ಕೆಬಿಯಲ್ಲಿ ಮಲ್ಟಿಟಾಸ್ಕಿಂಗ್ ಓಎಸ್ ಇಟ್ಟುಕೊಂಡು ಬಂದಿತ್ತು, ಕ್ಯೂಡಾಸ್ ಅಂತ. ಅದನ್ನು ಕೆಡಿಸಿದ್ದು 8 ಬಿಟ್ ಬಸ್‌ನ 68008 ಮತ್ತು ಮೈಕ್ರೋಡ್ರೈವ್ ಅನ್ನುವ ಟೇಪು. ಐಬಿಎಂ ಎಕ್ಸ್‌ಟಿ ಥರದ 8088 ಮೆಷಿನ್‌ಗೆ ಲಿನಕ್ಸಿನ ಪುಟ್ಟ ರೂಪ ಎಲ್ಕ್ಸ್ ಇದೆ. ಸೆಗ್ಮೆಂಟ್ ರಿಜಿಸ್ಟರ್ ಇರುವುದರಿಂದ ಪ್ರೋಗ್ರಾಮನ್ನು ಜಾಗ ಬದಲಿಸುವುದು 68000ಕ್ಕಿಂತ ಸಲೀಸು, ರಕ್ಷಣೆ ಮಾತ್ರ ಇಲ್ಲ.

ಏಕಾರ್ನ್ ಆರ್ಕಿಮಿಡೀಸ್ ಬಗ್ಗೆ ಎರಡು ಮಾತು ಹೇಳಲೇಬೇಕು. 1987ರ ಈ ಮೆಷಿನ್‌ನ ಮೆಮ್‌ಸಿ ಚಿಪ್ ನಿಜವಾಗಿ ವಿಳಾಸವನ್ನೂ ಬದಲಿಸುತ್ತದೆ, ತಡೆಯುತ್ತದೆ ಕೂಡ. ಆದರೆ ಅದಕ್ಕೆ ಎಣಿಸಲು ಬರುವುದು 128 ಪುಟ ಮಾತ್ರ. ಮೆಮೊರಿ 4 ಎಂಬಿ ಆದರೆ ಒಂದೊಂದು ಪುಟ 32 ಕೆಬಿ. ಅಂದರೆ 2 ಕೆಬಿಯ ಪುಟ್ಟ ಕಮಾಂಡಿಗೂ 32 ಕೆಬಿ ಮೀಸಲು. ಏಕಾರ್ನ್‌ನ ಯುನಿಕ್ಸ್ ಆದ ರಿಸ್ಕಿಕ್ಸ್ ಈ ದುಂದುವೆಚ್ಚದಿಂದ ಡಿಸ್ಕ್ ಉಳಿಸಲು ಪ್ರೋಗ್ರಾಮ್‌ಗಳನ್ನು ಕುಗ್ಗಿಸಿ ಇಡುತ್ತಿತ್ತು.

ಡಿಸ್ಕ್ ಮತ್ತು ನೆಟ್‌ವರ್ಕ್

ಮೆಮೊರಿ ಜೋಡಣೆ ಪಾಸಾದ ಮೇಲೆ ನೋಡಬೇಕಾದದ್ದು ಡಿಸ್ಕ್. ಕಮೊಡೋರ್‌ನ 1541 ಡ್ರೈವ್ ಸೆಕೆಂಡಿಗೆ 300ರಿಂದ 400 ಬೈಟ್ ಕೊಡುತ್ತದೆ. 64 ಕೆಬಿ ತುಂಬಿಸಲು ಎರಡೂಮುಕ್ಕಾಲರಿಂದ ಮೂರೂವರೆ ನಿಮಿಷ. ಇಂಥ ಡ್ರೈವ್ ಮೇಲೆ ಸ್ವಾಪ್ ಮಾಡುವ, ಅಂದರೆ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಎತ್ತಿಟ್ಟು ವಾಪಸ್ ತರುವ, ಓಎಸ್ ಶಿಕ್ಷೆಯೇ ಸರಿ. ಫ್ಲ್ಯಾಶ್ ಕಾರ್ಡ್ ಅಡಾಪ್ಟರ್‌ಗೆ ಖರ್ಚು ಮಾಡುವುದು ನನ್ನ ಪ್ರಕಾರ ಆಕ್ಸಿಲರೇಟರಿಗಿಂತ ಮೊದಲಿನ ಕೆಲಸ.

ನೆಟ್‌ವರ್ಕಿನಲ್ಲಿ ಕೇಬಲ್ ಹಾಕುವುದು ಕಷ್ಟವಲ್ಲ, ಗುಪ್ತ ಲೆಕ್ಕ ಕಷ್ಟ. ಇವತ್ತಿನ ವೆಬ್‌ಸೈಟುಗಳು ಕೇಳುವ ಎನ್ಕ್ರಿಪ್ಷನ್ 25 ಮೆಗಾಹರ್ಟ್ಜ್ 68030ಕ್ಕೇ ಬೆವರಿಳಿಸುತ್ತದೆ. ನೆಟ್‌ಬಿಎಸ್‌ಡಿ ಮೊದಲ ಸಲ ಏಳುವಾಗ, ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೀಲಿಗಳನ್ನು ತಯಾರಿಸುತ್ತದೆ. ಅದಕ್ಕೆ ನಿಮಿಷಗಟ್ಟಲೆ ಹಿಡಿದಾಗ ಮೆಷಿನ್ ಸತ್ತಿತು ಅಂತ ಸ್ವಿಚ್ ಆರಿಸಬೇಡಿ. 8 ಬಿಟ್‌ನಲ್ಲಿ ಬ್ರೌಸಿಂಗ್ ಆಸೆ ಬಿಡಿ, ಹಳೇ ಥರದ ಟೆಲ್ನೆಟ್ ಚಾಟ್‌ಗೆ ಅವು ಖುಷಿಯಾಗಿ ಬರುತ್ತವೆ.

ಅಂದಹಾಗೆ ಇದೆಲ್ಲಕ್ಕೂ ಮುಂಚೆ ಪವರ್ ಸಪ್ಲೈ ನೋಡಿ. ಕಮೊಡೋರ್ 64ರ ಹಳೇ ಅಡಾಪ್ಟರ್ ಕೆಟ್ಟರೆ 5 ವೋಲ್ಟ್ ಮೇಲೇರಿ ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. ಅಮಿಗಾ 3000, 4000 ಬೋರ್ಡಿನ ಗಡಿಯಾರದ ಬ್ಯಾಟರಿ ಸೋರಿ ತಂತಿ ತಿಂದಿರುತ್ತದೆ.

ಹಾಗಾದರೆ ಯಾವುದು?

ಹೊಸ ಕಾರ್ಡ್ ಹಾಕುತ್ತ ಹೋದರೆ ಕೊನೆಗೆ ಯಾವುದನ್ನು ಬೇಕಾದರೂ ಓಡಿಸಬಹುದು. ರಾಸ್ಪ್‌ಬೆರಿ ಪೈ ಅನ್ನೇ ಪ್ರೊಸೆಸರ್ ಜಾಗದಲ್ಲಿ ಕೂರಿಸುವ ಕಾರ್ಡ್‌ಗಳಿವೆ. ಡಿಮಿಟ್ರಿ ಗ್ರಿನ್‌ಬರ್ಗ್ 2012ರಲ್ಲಿ ಒಂದು 8 ಬಿಟ್ ಚಿಪ್ ಒಳಗೆ ಎಆರ್‌ಎಂ ಪ್ರೊಸೆಸರನ್ನು ಅಣಕಿಸಿ ಲಿನಕ್ಸ್ ಎಬ್ಬಿಸಿದರು. ಶೆಲ್ ಬರಲು ಸುಮಾರು 2 ಗಂಟೆ. ಆ ಸಾಹಸಕ್ಕೆ ಕೈ ಮುಗಿಯುತ್ತೇನೆ, ಅದನ್ನು ಆಯ್ಕೆ ಅಂತ ಮಾತ್ರ ಕರೆಯಲಾರೆ.

ಇರುವ ಮೆಷಿನ್ ಇಟ್ಟುಕೊಂಡು ಕೂತಿದ್ದರೆ ಹೀಗೆ ಮಾಡಿ. ಕಮೊಡೋರ್ 64 ಇದ್ದರೆ ಮೊದಲು ಆರ್‌ಇಯು, ಆಮೇಲೆ ಜಿಯೋಸ್. 128 ಕೆಬಿಯಾದರೂ ಇರುವ ಸಿಪಿಸಿ ಅಥವಾ ಎಂಎಸ್‌ಎಕ್ಸ್2 ಇದ್ದರೆ ಸಿಂಬಾಸ್, ಕೆಲಸಕ್ಕೆ ಸಿಪಿ/ಎಂ. ಅಮಿಗಾ 500, ಎಸ್‌ಟಿ ಇದ್ದರೆ ಅವುಗಳ ಸ್ವಂತ ಓಎಸ್. ಮಿನಿಕ್ಸ್ ಹಾಕುವುದಾದರೆ ಫೋರ್ಕ್ ಹೇಗೆ ನಡೆಯುತ್ತದೆ ಅಂತ ಒಳಹೊಕ್ಕು ನೋಡುವ ಆಸೆ ಇದ್ದರೆ ಮಾತ್ರ. ಇನ್ನೂ ಕೊಂಡಿಲ್ಲ, ಯುನಿಕ್ಸ್ ಥರದ್ದು ಬೇಕು ಅಂದರೆ 8 ಬಿಟ್‌ನಲ್ಲಿ ಕಲರ್ ಕಂಪ್ಯೂಟರ್ 3, ದೊಡ್ಡದರಲ್ಲಿ ಅಮಿಗಾ 3000. ಮತ್ತೆ 68030 ಕಾರ್ಡ್ ಕೊಳ್ಳುವಾಗ ಚಿಪ್ಪಿನ ಮೇಲಿನ ಅಕ್ಷರ ಕಾಣುವ ಫೋಟೋ ಕೇಳಿ. ಸ್ಟಿಕ್ಕರ್ ಇದ್ದರೆ ಕಿತ್ತು ತೆಗೆದ ಫೋಟೋ.

ನನ್ನ ಇಸಿ030 ಕಾರ್ಡ್ ಇನ್ನೂ ಅದೇ ಅಮಿಗಾ 1200ರಲ್ಲಿ ಇದೆ. ಅಮಿಗಾಓಎಸ್ ಅದರ ಮೇಲೆ ಹಾರುತ್ತದೆ. ಎಂಎಂಯು ಎಲ್ಲಿ ಅಂತ ಅದು ಒಂದು ದಿನವೂ ಕೇಳಿಲ್ಲ.